ಹಾಳೂರ ದಿಣ್ಣೆಯ ಬೀದಿ

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದಿರಿ ಎಂದು ಕೇಳುತ್ತಿದ್ದವಳು ನಾನು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಅಂದು ನಾನು ಚೆನ್ನಾಗಿ ನಿದ್ದೆ ಮಾಡಿದ್ದೆ.

ಗುಬ್ಬಿಗೂ ಕುಣಿಗಲ್‌ಗೂ ನಡುವೆ ಒಂದು ರಾಗಿ ಹೊಲವಿದೆ. ಸುತ್ತಲಿನವರು ಅದನ್ನು ಹಾಳೂರ ದಿಣ್ಣೆ ಎನ್ನುತ್ತಾರೆ. ಗಂಗರ ಕಾಲದಲ್ಲಿ ಅಲ್ಲೊಂದು ಪಟ್ಟಣವಿತ್ತು. ಈಗ ಉಳಿದಿರುವುದು ಮಡಕೆಚೂರು, ಇಟ್ಟಿಗೆ ತುಂಡು, ಅರ್ಧ ಹೂತ ಒಂದು ವೀರಗಲ್ಲು. ನಿಧಿಗಾಗಿ ಅಗೆಯುವವರ ಕಾಟವಿರುವುದರಿಂದ ಊರಿನ ಹೆಸರು ಬರೆಯುವುದಿಲ್ಲ. ನನ್ನ ಪಿಎಚ್‌ಡಿ ನಿಂತಿದ್ದುದು ಆ ಪಟ್ಟಣದ ಬೀದಿಗಳ ಮೇಲೆ. ಎರಡು ವರ್ಷ ಓಡಾಡಿದರೂ ಒಂದು ಗೋಡೆಯ ಗುರುತೂ ಸಿಕ್ಕಿರಲಿಲ್ಲ.

ಕೊಯ್ಲು ಮುಗಿದ ಡಿಸೆಂಬರಿನಲ್ಲಿ ಒಂದು ದಿನ, ಮರಳೂರಿನ ನನ್ನ ಕೋಣೆಯಿಂದ ಮೊದಲ ಬಸ್ಸಿಗೆ ಹೊರಟೆ. ಹೊಲದ ಯಜಮಾನಿ ಗೌರಮ್ಮ, ತಾವು ಹಾಲು ಕರೆದು ಬರುವವರೆಗೆ ಕಾಯಬೇಕೆಂದಿದ್ದರು. ನಾನು ಕಾಯಲಿಲ್ಲ. ನಡೆದ ದಾರಿ ದಾಖಲಾಗಲೆಂದು ಮೊಬೈಲಿನಲ್ಲಿ ಜಿಪಿಎಸ್ ಹಾಕಿಕೊಂಡು ದಿಣ್ಣೆ ಹತ್ತಿದೆ. ಮಧ್ಯಕ್ಕೆ ಬರುವಷ್ಟರಲ್ಲಿ ಮಂಜು ಕವಿದು, ನಾಲ್ಕು ಹೆಜ್ಜೆಯಾಚೆ ಏನೂ ಕಾಣದಾಯಿತು.

ಆಗ ಮುಂದೆ, ತಲೆಯ ಮೇಲೆ ಮಂಕರಿ ಹೊತ್ತ ಹೆಂಗಸೊಬ್ಬಳು ಕಂಡಳು.

"ನನ್ ಹಿಂದೇನೆ ಬಾರವ್ವ," ಎಂದಳು, ತಿರುಗಿ ನೋಡದೆ.

ಖಾಲಿ ಹೊಲದಲ್ಲಿ ನೇರ ಹೋಗುವುದು ಬಿಟ್ಟು ಆಕೆ ಎಡಕ್ಕೆ ತಿರುಗಿದಳು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ. ಯಾಕೀ ಸುತ್ತು ಎಂದು ಬೇಸರವಾದರೂ ಹಿಂಬಾಲಿಸಿದೆ. ಗಾಡಿದಾರಿ ಸಿಕ್ಕಾಗ ಆಕೆ ಇರಲಿಲ್ಲ. ಹಾಲಿನ ಕ್ಯಾನು ಹಿಡಿದು ಗೌರಮ್ಮ ನಿಂತಿದ್ದರು.

"ಒಬ್ಳೇ ಬಂದ್ಯಾ? ಓದಿರೋರಿಗೆ ಬುದ್ಧಿ ಸ್ವಲ್ಪ ಕಮ್ಮಿನೇ ಕಣವ್ವ. ಮಳೇಲಿ ಹಾಳುಬಾವಿ ಬಾಯಿ ಬಿಟ್ಕಂಡೈತೆ. ಅದ್ನ ತೋರ್ಸಾಕೇ ಕಾಯಿ ಅಂದಿದ್ದು."

ಮಂಕರಿ ಹೊತ್ತವರು ಯಾರೂ ಆ ಕಡೆ ಬರಲಿಲ್ಲವಂತೆ. ಮಂಜು ಕರಗಿದ ಮೇಲೆ ಹೋಗಿ ನೋಡಿದೆ. ಆಕೆ ಮೊದಲು ತಿರುಗಿದ ಜಾಗದಿಂದ ನೇರ ಹೋಗಿದ್ದರೆ, ಪೊದೆ ಮುಚ್ಚಿದ ಬಾವಿ ಆರೇ ಹೆಜ್ಜೆ.

ಮುಂದಿನ ವರ್ಷ ರಾಗಿ ಮೊಣಕಾಲೆತ್ತರ ಬಂದಾಗ ಮಳೆ ಕೆಲವು ದಿನ ನಿಂತಿತು. ನೆಲದಡಿ ಕಲ್ಲಿದ್ದ ಕಡೆ ಪೈರು ಬೇಗ ಬಾಡಿ, ಹೊಲದ ತುಂಬ ಹಳದಿ ಗೆರೆಗಳು ಮೂಡಿದವು. ಅವು ಗೋಡೆಗಳು. ನಕ್ಷೆ ಬರೆದು, ಅಂದಿನ ದಾರಿಯನ್ನು ಅದರ ಮೇಲಿಟ್ಟೆ. ಆಕೆ ಸಿಗುವವರೆಗೆ ನಾನು ಮನೆಗಳನ್ನು ತುಳಿದುಕೊಂಡೇ ನಡೆದಿದ್ದೆ. ಸಿಕ್ಕ ಮೇಲೆ ಒಂದು ಗೋಡೆಯನ್ನೂ ದಾಟಿರಲಿಲ್ಲ. ಮೊಬೈಲಿನ ಲೆಕ್ಕ ಕೆಲವು ಮೀಟರ್ ತಪ್ಪಬಹುದೆಂದು ನನಗೂ ಗೊತ್ತು. ಆದರೆ ಮೂರು ತಿರುವುಗಳೂ ಬೀದಿಯ ತಿರುವುಗಳೇ ಆಗಿದ್ದವು.

ಗೌರಮ್ಮನಿಗೆ ತೋರಿಸಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಆ ಊರೋಳೇ ಇರ್ಬೇಕು ಬುಡು. ಹೊರ್ಗಿನೋಳಾಗಿದ್ರೆ ನೆಟ್ಟಗೆ ಬತ್ತಿದ್ಲು."

ನನ್ನಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆಯಿಲ್ಲ, ಇದನ್ನು ಒಪ್ಪಲೂ ಆಗುತ್ತಿಲ್ಲ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ, ಗೌರಮ್ಮನ ಹೆಸರಿನ ಕೆಳಗೆ, 'ದಾರಿ ತೋರಿಸಿದ ಇನ್ನೊಬ್ಬ ತಾಯಿಗೆ' ಎಂದು ಬರೆದೆ. ಹೆಸರು ಸೇರಿಸಿ ಎಂದು ನನ್ನ ಮಾರ್ಗದರ್ಶಕರು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಹೆಸರು ಗೊತ್ತಿಲ್ಲ ಸರ್, ಆದರೆ ಆ ಸಾಲು ಇರಲೇಬೇಕು ಎಂದೆ. ಅವರು ಗುರುತನ್ನು ಅಳಿಸಿದರು.