ರೂತ್ ಕರ್ತನ ಮೇಜಿಗೆ ಬಂದದ್ದು

ಬಂಗುಡೆ ಕೊಯ್ಯುತ್ತಾ ಕೂತಿದ್ದೆ, ಪಾಸ್ಟರಮ್ಮನ ಫೋನು ಬಂತು. ಕೈಯೆಲ್ಲ ಮೀನು. ನಮ್ಮ ಯಜಮಾನರೇ ಫೋನನ್ನು ನನ್ನ ಕಿವಿಗೆ ಹಿಡಿದರು.

"ಎಲಿಜಾಕ್ಕ, ಬೇಜಾರು ಮಾಡ್ಬೇಡಿ. ದೃಢೀಕರಣದ ಲಿಸ್ಟಲ್ಲಿ ರೂತ್ ಹೆಸರಿಲ್ಲ. ವಿಶ್ವಾಸಪ್ರಮಾಣ ಬಾಯಲ್ಲಿ ಹೇಳ್ಬೇಕಲ್ವಾ ಅಂತ ಕಮಿಟಿಯವ್ರು..."

"ಆಯ್ತಮ್ಮ," ಎಂದೆ.

ಪ್ರಿಯರೇ, ನಮ್ಮ ಮಗಳು ರೂತ್‌ಗೆ ಹದಿನಾರು ವರ್ಷ. ಆಟಿಸಂ ಇದೆ, ಮಾತಿಲ್ಲ. ಭಾನುವಾರ ಡೊಂಬಿವಿಲಿಯಿಂದ ಲೋಕಲ್ ರೈಲು ಹಿಡಿದು ಠಾಣೆ ಪಟ್ಟಣದ ಕನ್ನಡ ಸಭೆಗೆ ಬರುವ ನಾವು ಕೊನೆಯ ಬೆಂಚಿನಲ್ಲೇ ಕೂರುತ್ತೇವೆ. ಅವಳು ಸದ್ದು ಮಾಡಿದರೆ ಹೊರಗೆ ಕರೆದೊಯ್ಯಲು ಅನುಕೂಲ. ವಿಶ್ವಾಸಪ್ರಮಾಣ ಹೇಳಿ ದೃಢೀಕರಣ ಆಗದವರಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ. ಆದ್ದರಿಂದ ಅವಳ ಜೊತೆ ಒಬ್ಬರು ಉಳಿದು, ಮೊದಲು ಯಜಮಾನರು ಕರ್ತನ ಮೇಜಿಗೆ ಹೋಗಿ ಬರುತ್ತಾರೆ, ಆಮೇಲೆ ನಾನು. ಮೊಣಕಾಲೂರಿದಾಗಲೆಲ್ಲ ನನ್ನ ಪಕ್ಕದ ಜಾಗ ಖಾಲಿ ಅನಿಸುತ್ತಿತ್ತು. ಅಲ್ಲಿ ಒಮ್ಮೆ ಅವಳನ್ನು ಕಾಣಬೇಕು ಎಂಬುದೇ ನನ್ನ ಹಂಬಲ.

ಅದಕ್ಕಾಗಿ ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಮೂರು ವರ್ಷ, ದಿನಾ ಮಧ್ಯಾಹ್ನ, ಅವಳ ಗಲ್ಲ ಹಿಡಿದು ವಿಶ್ವಾಸಪ್ರಮಾಣದ ಮೊದಲ ಸಾಲು ಹೇಳಿಸಲು ನೋಡಿದೆ. ಬಲವಂತ ಬೇಡ ಎಂದು ಅವಳ ಟೀಚರು ಹೇಳಿದರೂ ಕೇಳಲಿಲ್ಲ. ಒಂದು ದಿನ ಮಗು ತನ್ನ ಕೈಯನ್ನೇ ಕಚ್ಚಿಕೊಂಡಳು. ಆಗಲೂ ನಾನು ಬೇಡಿದ್ದು, ಕರ್ತನೇ, ಒಂದು ಸಾಲಾದರೂ ಕೊಡು ಎಂದು.

ಫೋನು ಬಂದ ನಾಲ್ಕನೇ ದಿನ ಸಭೆಯ ಹಿರಿಯರಾದ ದೇವಪುತ್ರ ಮಾಸ್ತರರು ಕಲ್ಯಾಣದಿಂದ ನಮ್ಮನ್ನು ಸಮಾಧಾನ ಮಾಡಲು ಬಂದರು. ಗದಗದ ಕಡೆಯವರು. ಚಹಾ, ಬಿಸ್ಕೀಟು ಇಟ್ಟೆ. ದಣಿದಿದ್ದರು, ಕೂತವರೇ ಬಿಸ್ಕೀಟಿಗೆ ಕೈ ಹಾಕಿದರು. ರೂತ್ ಮಾಸ್ತರರ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿಬಿಟ್ಟಳು.

"ಬಿಡು ಮಗಾ, ಅಂಕಲ್ ಅಲ್ವಾ," ಎಂದು ಬಿಡಿಸಲು ಹೋದೆ. ಬಿಡಲಿಲ್ಲ. ಕಣ್ಣು ಮುಚ್ಚಿ ತಲೆ ತಗ್ಗಿಸಿ ಕೂತಳು. ಪ್ರಾರ್ಥನೆಯಿಲ್ಲದೆ ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ವಡಾಪಾವ್ ಬಿಚ್ಚಿದ ಅಪ್ಪನ ಕೈಯನ್ನೂ ಅವಳು ಹೀಗೇ ಹಿಡಿಯುತ್ತಾಳೆ. ನಾನು ಅದನ್ನು ಹಠ ಎಂದುಕೊಂಡಿದ್ದೆ. ನೆಂಟರೆದುರು ನಾಚಿಕೊಂಡದ್ದೂ ಉಂಟು.

ಮಾಸ್ತರರು ಅವಳನ್ನೇ ನೋಡಿದರು. "ಪ್ರಾರ್ಥನಿ ಮರತೆ ಅಂತ ಹಿಡದಿ ಏನವಾ?" ಎಂದು ತಾವೂ ತಲೆ ಬಾಗಿಸಿದರು. ಆಮೆನ್ ಎಂದ ಮೇಲೆಯೇ ಅವಳು ಕೈಬಿಟ್ಟು, ತಟ್ಟೆಯನ್ನು ಅವರ ಕಡೆ ಸರಿಸಿದಳು.

"ಇಷ್ಟು ವರ್ಷ ಹಿರಿಯಾ ಆಗೀನಿ, ಚಾಕ್ಕ ಪ್ರಾರ್ಥನಿ ಮಾಡಿದ್ದು ಇವತ್ತ ನೋಡ್ರಿ," ಎಂದು ನಕ್ಕರು. ಆಮೇಲೆ ನಗಲಿಲ್ಲ. "ಈಕೀನ್ನ ಇನ್ನೇನು ಪರೀಕ್ಷಾ ಮಾಡೂದು? ನಾ ಕಮಿಟಿಗೆ ಹೇಳ್ತೀನಿ."

"ಆದ್ರೆ ಅವಳಿಗೆ ಹೇಳ್ಲಿಕ್ಕೆ ಬರುದಿಲ್ವಲ್ಲ ಮಾಸ್ಟ್ರೇ," ಎಂದರು ಯಜಮಾನರು.

"ಸಭಾದಾಗ ಅಷ್ಟು ಮಂದಿ ಬಾಯಿ ಅವ. ಆಕೀ ಪರವಾಗಿ ಎಲ್ಲಾರೂ ಹೇಳೋಣು."

ಕಮಿಟಿ ಒಪ್ಪಿತು; ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಹಾಗೇ ಆಯಿತು. ಇಡೀ ಸಭೆ ಎದ್ದು ವಿಶ್ವಾಸಪ್ರಮಾಣ ಹೇಳಿತು, ನಡುವೆ ರೂತ್ ಸುಮ್ಮನೆ ನಿಂತಿದ್ದಳು. ಬಳಿಕ ನನ್ನ ಪಕ್ಕ ಮೊಣಕಾಲೂರಿದಳು. ಕೇಳಿದ ಸಾಲನ್ನು ಕರ್ತನು ಕೊಡಲಿಲ್ಲ; ನನ್ನ ಮನೆಯಲ್ಲೇ ಇಟ್ಟಿದ್ದನ್ನು ಕಾಣಲು ಕಣ್ಣು ಕೊಟ್ಟನು. ಆತನಿಗೆ ಸ್ತೋತ್ರ. ಅವಳು ಇನ್ನೂ ನನ್ನನ್ನು ಅಮ್ಮ ಎಂದು ಕರೆದಿಲ್ಲ. ಅದನ್ನು ಇವತ್ತಿಗೂ ಬೇಡುತ್ತೇನೆ, ಗಲ್ಲ ಮಾತ್ರ ಹಿಡಿಯುವುದಿಲ್ಲ.

ಮನೆಗೆ ಬಂದು ನೋಡಿದರೆ, ಅವಳ ಬಿಳಿ ಫ್ರಾಕಿನ ಎದೆಯ ಮೇಲೆ ದ್ರಾಕ್ಷಾರಸದ ಹನಿ. ನಲ್ಲಿಯಲ್ಲಿ ನೀರು ನಿಲ್ಲುವ ಹೊತ್ತಾಗಿತ್ತು. ಬೇಗ ಒಂದು ಬಕೆಟ್ ಹಿಡಿದು ನೆನೆಹಾಕಿದೆ.