ವಿಡಿಯೋದಲ್ಲಿಲ್ಲದ ಫೋಟೊ

ಸತ್ತವರು ಕನಸಿನಲ್ಲಿ ಬಂದು ಮಾತಾಡಿದರು, ಕದ ತಟ್ಟಿದರು ಎಂದು ಯಾರಾದರೂ ಹೇಳಿದರೆ ನಗುವವರ ಪೈಕಿ ನಾನು. ಎದುರಿಗೆ ನಗದಿದ್ದರೂ ಮನೆಗೆ ಬಂದು ನಗುತ್ತಿದ್ದೆ. ಈಗ ನೀವು ನನ್ನನ್ನು ನೋಡಿ ನಕ್ಕರೆ ನನಗೇನೂ ಬೇಸರವಿಲ್ಲ. ಮೂರು ವರ್ಷದ ಹಿಂದೆ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಪುಂಜಾಲಕಟ್ಟೆಯಲ್ಲಿದ್ದ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಹೊಸ ಮನೆಯ ಗೃಹಪ್ರವೇಶದ ಒಕ್ಕಲಿಗೆ ನಮ್ಮನ್ನು ಕರೆಯುವ ಹೇಳಿಕೆಯನ್ನು ಫೋನಿನಲ್ಲೇ ಮುಗಿಸಿದ್ದರು. ಒಡಹುಟ್ಟಿದವಳನ್ನು ಮನೆಗೆ ಬಂದು ಕರೆಯಲಾಗದಷ್ಟು ದೂರವೇ ನಮ್ಮ ಬಂಟ್ವಾಳ ಎಂದು ಅಮ್ಮ ಹೋಗಲಿಲ್ಲ. ಹೋಗದೆ ಇದ್ದದ್ದಕ್ಕೆ ದೊಡ್ಡಮ್ಮನಿಗೂ ಸಿಟ್ಟು. ಇಷ್ಟಕ್ಕೇ ಇಬ್ಬರಿಗೂ ಎರಡು ವರ್ಷ ಮಾತಿಲ್ಲ.

ಆ ಬೇಸಿಗೆಯಲ್ಲಿ ನಾನು ಹೊಸದಾಗಿ ಡ್ರೋನ್ ಕೊಂಡಿದ್ದೆ. ಹಾರಿಸಿ ನೋಡುವ ನೆಪದಲ್ಲಿ ಅಮ್ಮನನ್ನೂ ಕೂರಿಸಿಕೊಂಡು ದೊಡ್ಡಮ್ಮನ ಮನೆಗೆ ಹೋದೆ. ಎದುರಾದರೆ ಮಾತಾಡಿಯಾರು ಎಂಬ ಆಸೆ. ಅಮ್ಮ ಗೇಟಿನ ಹೊರಗೆ ಕಾರಿನಲ್ಲೇ ಕುಳಿತರು. ದೊಡ್ಡಮ್ಮ ತಾರಸಿಯಲ್ಲಿ ಹಲಸಿನ ಹಪ್ಪಳ ಒಣಹಾಕುತ್ತಿದ್ದರು. ಡ್ರೋನ್ ಗುಂಯ್ ಎನ್ನುತ್ತ ಅವರ ಎದುರಿಗೆ ಹೋಗಿ ನಿಂತಾಗ ನೆರೆಮನೆಯವರೆಲ್ಲ ಬಾಯಿ ಬಿಟ್ಟು ನೋಡಿದರು. ಕಾರನ್ನು ಕಂಡಿದ್ದ ದೊಡ್ಡಮ್ಮ ಮಾತ್ರ ತಲೆ ಎತ್ತಲಿಲ್ಲ. ನಾನೋ ಫೋಟೊದ ಬಟನ್ ಒತ್ತಲು ಮರೆತು ಬರೀ ವಿಡಿಯೋ ತೆಗೆದುಕೊಂಡು ಬಂದೆ.

ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಮ್ಮ ತೀರಿಕೊಂಡರು. ಅವರಿಗೆ ಮಕ್ಕಳಿರಲಿಲ್ಲ. ಉತ್ತರಕ್ರಿಯೆಯ ದಿನ ಇಡಲು ಒಂದು ಫೋಟೊ ಬೇಕಲ್ಲ? ಮದುವೆಗಳಲ್ಲೆಲ್ಲ ಅವರು ಅಡುಗೆಯ ಕಡೆ. ಮೊಬೈಲ್ ಎತ್ತಿದರೆ ಮುಖ ತಿರುಗಿಸುವ ಸ್ವಭಾವ. ಕೊನೆಗೆ ಆಧಾರ್ ಕಾರ್ಡಿನ ಫೋಟೊ ತೋರಿಸಿದೆ.

"ಇದು ಅಕ್ಕನಾ? ಪೊಲೀಸರು ಹಿಡಿದವರ ಹಾಗೆ ಉಂಟು. ನನಗೆ ಅಕ್ಕನ ಮುಖ ಬೇಕು ಮಗಾ," ಎಂದು ಅಮ್ಮ ಅತ್ತುಬಿಟ್ಟರು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ.

ಉಳಿದದ್ದು ಆ ವಿಡಿಯೋ ಒಂದೇ. ಸ್ಕ್ರೀನ್‌ಶಾಟ್ ತೆಗೆದರೆ ಎಲ್ಲ ಮಸುಕು. ಮೂಡುಬಿದಿರೆಯಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ.

"ಸ್ಕ್ರೀನ್‌ಶಾಟ್ ಬೇಡ ಮಾರಾಯ. ಒಂದು ಸೆಕೆಂಡಿಗೆ ಮೂವತ್ತು ಫ್ರೇಮ್ ಉಂಟು. ಒಂದೊಂದೇ ಮುಂದೆ ಹಾಕಿ ನೋಡು. ಡ್ರೋನೂ ಅವರೂ ಅಲುಗಾಡದ ಫ್ರೇಮ್ ಸಿಕ್ಕಿದರೆ ಅದನ್ನೇ ಸೇವ್ ಮಾಡು," ಎಂದ.

ಮಧ್ಯಾಹ್ನದ ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕುಳಿತೆ. ಪಕ್ಕದಲ್ಲಿ ಅಮ್ಮ. ಒಂದು ಸಲ ಕೀ ಒತ್ತಿದರೆ ಒಂದು ಫ್ರೇಮ್. ನೆತ್ತಿ, ಬೆನ್ನು, ಹಪ್ಪಳ, ಮತ್ತೆ ನೆತ್ತಿ. ನೂರಾರು ದಾಟಿದರೂ ಮುಖವಿಲ್ಲ. ಅಮ್ಮ ಪರದೆಯ ಹತ್ತಿರಕ್ಕೆ ಬಾಗಿ, "ಅಕ್ಕಾ, ಒರ ಮಿತ್ತ್ ತೂಲ," ಎಂದರು. ತುಳುವಿನಲ್ಲಿ, ಒಮ್ಮೆ ಮೇಲೆ ನೋಡು ಅಂತ. ಎರಡು ವರ್ಷದ ನಂತರ ಅವರು ಅಕ್ಕನಿಗೆ ಆಡಿದ ಮೊದಲ ಮಾತು ಅದು. ನಾನು ಮತ್ತೆ ಕೀ ಒತ್ತಿದೆ.

ದೊಡ್ಡಮ್ಮ ತಲೆ ಎತ್ತಿ ನಮ್ಮನ್ನೇ ನೋಡುತ್ತಿದ್ದರು. ಸ್ಪಷ್ಟವಾದ ಮುಖ, ಕೈಯಲ್ಲೊಂದು ಹಪ್ಪಳ, ಸಿಟ್ಟು ಪೂರ್ತಿ ಇಳಿಯುವ ಮೊದಲೇ ಬಂದುಬಿಟ್ಟ ನಗು. ತಕ್ಷಣ ಸೇವ್ ಮಾಡಿದೆ. ಮುಂದಿನ ಫ್ರೇಮಿಗೆ ಹೋದೆ, ತಲೆ ತಗ್ಗಿತ್ತು. ಹಿಂದಕ್ಕೆ ಬಂದೆ, ಅಲ್ಲೂ ತಗ್ಗಿತ್ತು. ಎಷ್ಟು ಹುಡುಕಿದರೂ ಆ ಫ್ರೇಮ್ ಮತ್ತೆ ಸಿಗಲಿಲ್ಲ. ಸೇವ್ ಮಾಡಿದ ಫೋಟೊ ಮಾತ್ರ ಇತ್ತು.

ವಿಡಿಯೋ, ಫೋಟೊ ಎರಡನ್ನೂ ಗೆಳೆಯನಿಗೆ ಕಳಿಸಿದೆ. ಅವನು ಒಂದು ದಿನ ಪೂರ್ತಿ ತಡಕಾಡಿ, "ಅದೇ ತಾರಸಿ, ಅದೇ ಬಿಸಿಲು. ಆದರೆ ಈ ಫ್ರೇಮ್ ವಿಡಿಯೋದಲ್ಲಿ ಇಲ್ಲ ಮಾರಾಯ," ಎಂದ. ನಾನು ಆ ದಿನ ತೆಗೆದದ್ದು ಒಂದೇ ವಿಡಿಯೋ. ಸೆಕೆಂಡಿನ ಮೂವತ್ತನೇ ಒಂದು ಪಾಲಿನಲ್ಲಿ ತಲೆ ಎತ್ತಿ ತಗ್ಗಿಸಲು ಯಾರಿಂದಲೂ ಆಗದು. ಹೊಸಬನಾದ ನನ್ನ ಕೈಯಲ್ಲಿ ಏನೋ ಎಡವಟ್ಟಾಗಿರಬೇಕು ಎಂದು ಈಗಲೂ ಹೇಳಿಕೊಳ್ಳುತ್ತೇನೆ. ಯಾವ ಎಡವಟ್ಟು ಎಂದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ.

ಉತ್ತರಕ್ರಿಯೆಯ ಬೆಳಿಗ್ಗೆ ಇದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದೆ. ಅವರು ಫೋಟೊಕ್ಕೆ ಮಲ್ಲಿಗೆ ಹಾಕುತ್ತಿದ್ದರು. ಆಶ್ಚರ್ಯವನ್ನೇ ಪಡಲಿಲ್ಲ.

"ನಾನು ಕರೆದರೆ ಅಕ್ಕ ನೋಡದೆ ಇರ್ತಾಳಾ? ಕರೆದದ್ದು ತಡ ಆಯ್ತು, ಅಷ್ಟೆ."