ಹುಳುವಿನ ಮನೆಯ ಬೀಗ

ನಮ್ಮ ಕಡೆ ಬಾಗಿಲಿಗೆ ಬೀಗ ಬಿದ್ದಿದೆ ಎಂದರೆ ಮನೆಯಲ್ಲಿ ಯಾರೂ ಇಲ್ಲ ಎಂದೇ ಅರ್ಥವಲ್ಲ. ರೇಷ್ಮೆ ಹುಳು ಇಟ್ಟ ಮನೆಯಾದರೆ ಒಳಗೆ ಜನ ಇದ್ದೂ ಹೊರಗಿನಿಂದ ಬೀಗ ಹಾಕುವುದುಂಟು. ಕಂಡಕಂಡವರು ಕಾಲಿಟ್ಟರೆ ಹುಳುವಿಗೆ ರೋಗ ತಗಲುತ್ತದೆ, ಎಲ್ಲರ ಕಣ್ಣೂ ಒಳ್ಳೆಯದಲ್ಲ. ಬಂದವರನ್ನು ಬಾಯಿಬಿಟ್ಟು ಹೋಗು ಎನ್ನಲು ದಾಕ್ಷಿಣ್ಯ. ಬೀಗ ಕಂಡರೆ ಅವರಾಗಿಯೇ ಹಿಂದಿರುಗುತ್ತಾರೆ, ಯಾರಿಗೂ ಬೇಸರವಿಲ್ಲ. ಇದು ನನಗೂ ಚಿಕ್ಕಂದಿನಿಂದ ಗೊತ್ತಿತ್ತು. ಆ ಬೆಳಿಗ್ಗೆ ಗೊತ್ತಿತ್ತೋ ಇಲ್ಲವೋ ಎನ್ನುವುದು ಮಾತ್ರ ಈಗ ಗೊತ್ತಾಗುತ್ತಿಲ್ಲ.

ಅಕ್ಕ ಭಾವ ಶಿಡ್ಲಘಟ್ಟದ ಅಂಚಿನ ಬೀದಿಯೊಂದರಲ್ಲಿ ಭೋಗ್ಯಕ್ಕೆ ಮನೆ ಹಿಡಿದಿದ್ದರು. ತಿಂಗಳ ಬಾಡಿಗೆ ಇಲ್ಲ. ಒಂದೇ ಸಲಕ್ಕೆ ದೊಡ್ಡ ಮೊತ್ತವನ್ನು ಮಾಲೀಕನ ಕೈಗೆ ಕೊಟ್ಟು ಸೇರಿಕೊಳ್ಳುವುದು, ಬಿಡುವಾಗ ಅಷ್ಟನ್ನೂ ವಾಪಸು ಪಡೆಯುವುದು. ಮುಂದೆ ಒಂದು ಹಜಾರ, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಉದ್ದನೆಯ ಕೋಣೆ. ಆ ಕೋಣೆ ಸಿಕ್ಕಿತೆಂದೇ ಅವರು ಆ ಮನೆಯನ್ನು ಒಪ್ಪಿದ್ದು. ಅಲ್ಲಿ ಹುಳು ಸಾಕುತ್ತಿದ್ದರು. ಸೊಪ್ಪಿನ ತೋಟ ಊರಾಚೆ ಇತ್ತು.

ಅವರು ಹಾಲು ಉಕ್ಕಿಸಿ ಒಳಗೆ ಹೋಗುವ ಮೊದಲೇ ಮಾಲೀಕ ಆ ಮನೆಯನ್ನು ಒಂದು ಫೈನಾನ್ಸ್ ಕಂಪನಿಗೆ ಅಡಮಾನ ಇಟ್ಟಿದ್ದ. ಕಂತು ಕಟ್ಟುವುದನ್ನೂ ನಿಲ್ಲಿಸಿದ್ದ. ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ವಾಣಿಜ್ಯ ಶಾಸ್ತ್ರ ಪಾಠ ಮಾಡುತ್ತೇನೆ. ಅಡಮಾನ ಎಂದರೇನು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೂ ಬಾಗಿಲಿಗೆ ಮೊದಲ ನೋಟೀಸು ಅಂಟಿಸಿದ ದಿನ ಅಕ್ಕ ಫೋನಿನಲ್ಲಿ, "ಏನೇ ಇದು, ನಾವು ಕೊಟ್ಟಿದ್ದು ಅವ್ನಿಗೆ, ಇವ್ರು ಯಾರೇ ನಮ್ಮನ್ನ ಕಳ್ಸೋಕೆ?" ಎಂದು ಕೇಳಿದಾಗ, ವಿಚಾರಿಸಿ ಹೇಳುತ್ತೇನೆ ಎಂದು ಫೋನಿಟ್ಟೆ. ಚಿಕ್ಕಬಳ್ಳಾಪುರದ ವಕೀಲರೊಬ್ಬರನ್ನು ಕೇಳಿದೆ. ಭೋಗ್ಯದ ಪತ್ರ ನೋಂದಣಿ ಆಗಿಲ್ಲ, ನೋಟರಿ ಮೊಹರಿಗೆ ಅಷ್ಟು ಬಲವಿಲ್ಲ, ಮೇಲಾಗಿ ಅಡಮಾನವೇ ಮೊದಲಿನದು. ಬೆಂಗಳೂರಿನ ನ್ಯಾಯಮಂಡಳಿಗೆ ಅರ್ಜಿ ಹಾಕಿ ನೋಡೋಣ ಎಂದರು. ನೋಡೋಣ ಎಂಬ ಮಾತನ್ನು ನಾನು ಆಗುತ್ತದೆ ಎಂದು ತಿಳಿದೆ. ಮಾಲೀಕ ಅಕ್ಕನಿಗೆ ಬೇರೆಯೇ ಹೇಳಿದ್ದ. "ಯಾಕಮ್ಮ ಹೆದ್ರುಕೊಂತೀಯ? ಅವ್ರು ಬರೋ ಟೈಮಿಗೆ ಬೀಗ ಹಾಕಿರ್ಲಿ. ಬೀಗ ನೋಡಿ ಫೋಟೋ ಹಿಡ್ಕೊಂಡು ಹೊಂಟೋಗ್ತಾರೆ. ಅಷ್ಟ್ರಲ್ಲಿ ನಾನು ಸರಿ ಮಾಡ್ಬಿಡ್ತೀನಿ."

ಹುಳುವಿಗೂ ಬೀಗ ಬೇಕು, ನೋಟೀಸಿಗೂ ಬೀಗ ಬೇಕು. ಅಕ್ಕನಿಗೆ ಈ ಮಾತು ಹಿಡಿಸಿತು.

ಆ ದಿನ ಶನಿವಾರ, ಧನುರ್ಮಾಸದ ಚಳಿ. ಬೆಳಗಿನ ಪಾಠ ಮುಗಿಸಿ, ಅಕ್ಕನನ್ನು ವಕೀಲರ ಬಳಿಗೆ ಕರೆದೊಯ್ಯೋಣವೆಂದು ಬಸ್ಸು ಹತ್ತಿದೆ. ಬೀದಿಗೆ ಬಂದಾಗ ಮನೆಯ ಮುಂದೆ ಪೊಲೀಸ್ ಜೀಪು ನಿಂತಿತ್ತು. ಕಂಪನಿಯ ಅಧಿಕಾರಿ, ಕೋರ್ಟು ನೇಮಿಸಿದ ವಕೀಲ, ಇಬ್ಬರು ಪೇದೆಗಳು. ಬಾಗಿಲಿನ ಬೀಗವನ್ನು ಆಗಲೇ ಒಡೆದಿದ್ದರು. ಹಜಾರದಲ್ಲಿ ನಿಂತು ಟಿವಿ, ಮಂಚ, ಗ್ಯಾಸ್ ಸಿಲಿಂಡರ್ ಎಂದು ಬರೆದುಕೊಳ್ಳುತ್ತಿದ್ದರು. ಎದುರು ಮನೆಯ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ಮೇಲೆ ನಿಂತಿದ್ದರು. ಅವರೂ ಹುಳು ಸಾಕಿದವರೇ, ಮಾತಿನಲ್ಲಿ ಅರ್ಧ ತೆಲುಗು.

"ನಮ್ಮಕ್ಕ ಎಲ್ಲಿ ಆಂಟಿ?"

"ಬೆಳಿಗ್ಗೇನೆ ಇಬ್ರೂ ಬೈಕಲ್ಲಿ ತೋಟಕ್ಕೆ ಹೋದ್ರಮ್ಮಾ, ನಾನೇ ನೋಡ್ದೆ. ಪಾಪಂ, ಇವ್ರು ಬಂದಿರೋದು ಗೊತ್ತೇ ಇಲ್ಲ."

ನಾನು ಅಕ್ಕನಿಗೆ ಫೋನು ಮಾಡಿದೆ. ಅದು ಹಜಾರದ ಕಿಟಕಿಯ ಮೇಲೆ ಬಡಿದುಕೊಂಡಿತು. ಫೋನು ಬಿಟ್ಟು ಹೋಗುವುದು ಅಕ್ಕನ ಅಭ್ಯಾಸ. ಭಾವನ ಫೋನು ಸಿಗಲಿಲ್ಲ. ತೋಟದ ಕಡೆ ಯಾವತ್ತೂ ಸಿಗುವುದಿಲ್ಲ.

ಅಷ್ಟರಲ್ಲಿ ಅಧಿಕಾರಿ ಹಿಂದಿನ ಕೋಣೆಯ ಬಾಗಿಲಿಗೆ ಕೈ ಹಾಕಿದರು. ಆಂಟಿ ಎಗರಿ ಬಿದ್ದರು.

"ಬೇಡ ಸಾರ್, ಬೇಡ! ಹುಳ ಐತೆ ಒಳಗೆ. ಮೂರನೇ ಜ್ವರದಲ್ಲಿದೆ. ಬೂಟು ಹಾಕ್ಕೊಂಡು ಹೋದ್ರೆ ಎಲ್ಲ ಹಾಳಾಗೋಗ್ತದೆ."

ಹುಳು ಸೊಪ್ಪು ಬಿಟ್ಟು, ಪೊರೆ ಕಳಚಲು ತಲೆಯೆತ್ತಿ ಸುಮ್ಮನೆ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಪೇದೆಗೆ ಅದು ಹೊಸದು. "ಹುಳಕ್ಕೂ ಜ್ವರಾನಾ? ಒಂದು ಡೋಲೋ ಹಾಕ್ರಮ್ಮ" ಎಂದ.

"ನಗು ನಗು. ನಿನ್ ಮದ್ವೆ ಪಂಚೆ ಎಲ್ಲಿಂದ ಬಂತಪ್ಪಾ, ಮರದಲ್ಲಿ ಬಿಟ್ಟಿತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಅಧಿಕಾರಿ ಕೈ ಹಿಂದಕ್ಕೆ ತೆಗೆದರು. ನನಗಿಂತ ಚಿಕ್ಕ ವಯಸ್ಸಿನವರು, ಗೌರಿಬಿದನೂರಿನ ಕಡೆಯ ಮಾತು. "ನಮ್ಮ ಅಜ್ಜಿ ಮನೇಲೂ ಹಂಗೇ ಮೇಡಂ, ನಮ್ಮನ್ನ ಹತ್ರಕ್ಕೇ ಬಿಡ್ತಿರ್ಲಿಲ್ಲ" ಎಂದು ನನಗೆ ಹೇಳಿದರು. "ಇವತ್ತು ಸೀಲ್ ಮಾಡ್ಲೇಬೇಕು, ಆರ್ಡರ್ ಐತೆ. ಸಂಜೆ ನಾನೇ ಬಂದು ತೆಗೀತೀನಿ, ಹುಳ ಸಾಗಿಸ್ಕೊಳ್ಳಿ. ಸಾಮಾನೂ ತಗೊಳ್ಳಿ." ಅಡುಗೆಮನೆಯ ಹಿಂಬಾಗಿಲಿಗೆ ಹೊರಗಿನಿಂದ ಒಂದು ಬೀಗ, ಮುಂಬಾಗಿಲಿಗೆ ಒಂದು. ಮೇಲೆ ಬಿಳಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಅವರ ನಂಬರ್ ಬರೆದುಕೊಟ್ಟು ಹೋದರು.

ಎಷ್ಟು ಒಳ್ಳೆಯ ಮನುಷ್ಯ ಎಂದು ನಾನೂ ಆಂಟಿಯೂ ಮಾತಾಡಿಕೊಂಡೆವು. ಆಂಟಿಯ ಮನೆಯಲ್ಲಿ ಟೀ ಕುಡಿದೆವು. ಆ ಟೀಯ ಬಗ್ಗೆ ನಾನು ಇನ್ನೂ ಯೋಚಿಸುತ್ತೇನೆ. ಶುಂಠಿ ಹಾಕಿದ್ದರು. ಬಿಸಿಯಿತ್ತು, ಆರಿಸಿಕೊಂಡು ಕುಡಿದೆ. ಎಷ್ಟು ಹೊತ್ತಾಗಿರಬಹುದು? ಒಂದೊಂದು ಸಲ ನೆನೆದಾಗ ಒಂದೊಂದು ಅಳತೆ ಬರುತ್ತದೆ.

ಜ್ವರ ಬಿಟ್ಟೇಳುವ ಹುಳುವಿಗೆಂದು ಭಾವ ಸೊಪ್ಪಿನ ಮೂಟೆ ಹೇರಿಕೊಂಡು ಬಂದರು. ಒಬ್ಬರೇ. ಬೈಕು ನಿಲ್ಲಿಸಿ ಅರಗಿನ ಮುದ್ರೆ ನೋಡಿದರು. ಅವರ ಕೈಯಲ್ಲಿ ಹಳೆಯ ಬೀಗದ ಕೀ ಇತ್ತು. ಮೊದಲು ಕೇಳಿದ್ದು, "ಆಚೆ ಬಂದ್ಳಾ?"

"ಯಾರು ಭಾವ?"

"ನಿಮ್ಮಕ್ಕ ಕಣಮ್ಮಾ. ಒಳಗವ್ಳೆ."

ಅವರು ಹೇಳಿದ್ದು ಕೇಳಿಸಿತು. ಅರ್ಥ ಮಾತ್ರ ತಡವಾಗಿ ಬಂತು. ಬೆಳಿಗ್ಗೆ ಇಬ್ಬರೂ ತೋಟಕ್ಕೆ ಹೋಗಿದ್ದು ನಿಜ. ಮೊದಲ ಹೊರೆಯ ಜೊತೆ ಅಕ್ಕನನ್ನು ತಂದು ಬಿಟ್ಟು, ಅವಳು ಹುಳುವಿನ ಕೋಣೆ ಸೇರಿದ ಮೇಲೆ ಭಾವ ಹೊರಗಿನಿಂದ ಬೀಗ ಹಾಕಿ ಮತ್ತೆ ಹೋಗಿದ್ದರು. ಯಾವಾಗಲೂ ಮಾಡುವಂತೆ.

ಬಾಗಿಲು ಬಡಿದೆವು. ಕಿಟಕಿಯಲ್ಲಿ ಕೂಗಿದೆವು. ಉತ್ತರವಿಲ್ಲ. "ಕುಂಪಟಿ ಹಚ್ಚಿದ್ಲಾ?" ಎಂದು ಆಂಟಿ ಕೇಳಿದರು. ಭಾವ ಹೌದೆಂದು ತಲೆ ಆಡಿಸಿದರು. ಚಳಿಗೆ ಎಳೆಯ ಹುಳು ತಡೆಯುವುದಿಲ್ಲವೆಂದು ಕೋಣೆಯೊಳಗೆ ಇದ್ದಿಲಿನ ಕೆಂಡದ ಕುಂಪಟಿ ಇಡುತ್ತಾರೆ. ಕಿಟಕಿಗೆ ಪ್ಲಾಸ್ಟಿಕ್ ಬಿಗಿದಿರುತ್ತದೆ. ಕೆಂಡದ ವಿಷಗಾಳಿ ಕಟ್ಟಿಕೊಳ್ಳದಿರಲೆಂದು ಒಳಬಾಗಿಲನ್ನು ಆಗಾಗ ತೆರೆದಿಡಬೇಕು. ಆ ಒಳಬಾಗಿಲು ಮುಚ್ಚಿದ್ದನ್ನು ನಾನೇ ನೋಡಿದ್ದೆ.

ಭಾವ ಆಂಟಿಯ ಮನೆಯ ಹಾರೆ ಎತ್ತಿಕೊಂಡರು. ಬಾಗಿಲ ಮುಂದೆ ಬಂದು ನಿಂತುಬಿಟ್ಟರು. ಬೀದಿಯಲ್ಲಿ ಸೇರಿದ್ದವರಲ್ಲಿ ಯಾರೋ, "ಸೀಲ್ ಮುಟ್ಬೇಡಿ ಅಣ್ಣ, ಕೋರ್ಟ್‌ದು ಅದು, ಒಳಕ್ಕೆ ಹಾಕ್ತಾರೆ" ಎಂದರು. ಭಾವ ನನ್ನ ಕಡೆ ತಿರುಗಿದರು. "ನೀನು ಓದಿರೋಳು, ಹೇಳಮ್ಮ. ಒಡೀಬೋದಾ?"

ಅವರ ಮುಖವನ್ನು ನೆನೆಯದ ದಿನವಿಲ್ಲ. ಹೆಂಡತಿ ಒಳಗಿದ್ದಾಳೆ, ಕೈಯಲ್ಲಿ ಹಾರೆಯಿದೆ, ನನ್ನ ಅಪ್ಪಣೆಗೆ ಕಾಯುತ್ತಿದ್ದಾರೆ. ಮನೆ ಯಾರದು? ಮಾಲೀಕನದೋ, ಕಂಪನಿಯದೋ, ಭೋಗ್ಯ ಕೊಟ್ಟ ಇವರದೋ? ಆ ಹೊತ್ತಿನಲ್ಲೂ ನನ್ನ ತಲೆ ಆ ಲೆಕ್ಕಕ್ಕೇ ಹೋಯಿತು. ಅಧಿಕಾರಿಯ ನಂಬರ್ ಒತ್ತಿದೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಆಂಟಿ ಭಾವನ ಬೆನ್ನಿಗೆ ಗುದ್ದಿದರು. "ಮೊದ್ಲು ಒಡೀರಾ ನಾಯನಾ! ಜೈಲಿಗೆ ನಾನು ಹೋಗ್ತೀನಿ, ಮುದ್ದೆ ಹಾಕ್ತಾರಂತೆ ಅಲ್ಲಿ!"

ಮುಂದಿನದು ಸರಿಯಾಗಿ ಜೋಡಣೆಯಾಗುವುದಿಲ್ಲ. ಹಾರೆಯ ಏಟು. ಅರಗಿನ ಚೂರು. ಒಳಬಾಗಿಲ ಅಗುಳಿ ಕಿತ್ತ ಸದ್ದು. ಮುಖಕ್ಕೆ ಬಡಿದ ಬಿಸಿ. ಹುಳುವಿನ ತಟ್ಟೆಗಳ ಸಾಲಿನ ಕೆಳಗೆ ಅಕ್ಕ ಗೋಣಿಚೀಲದ ಮೇಲೆ ಮಗ್ಗುಲಾಗಿ ಮಲಗಿದ್ದಳು, ಮಧ್ಯಾಹ್ನದ ನಿದ್ದೆಯಲ್ಲಿರುವಂತೆ. ಭಾವ ಹೊತ್ತು ತಂದು ಬೀದಿಯಲ್ಲಿ ಮಲಗಿಸಿದರು. ಗಾಳಿಗೆ ಬಂದ ಮೇಲೆ ವಾಂತಿ ಮಾಡಿಕೊಂಡಳು. ಆ ವಾಂತಿಯನ್ನು ಕಂಡು ಆಂಟಿ ಕೈಮುಗಿದರು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಗೆ ಅಕ್ಕ ಕಣ್ಣು ತೆರೆದು ಕೂತಳು. ಅಷ್ಟು ಹೊತ್ತಿಗೆ ಮುದ್ರೆ ಒಡೆದ ವಿಷಯ ಠಾಣೆಗೆ ಹೋಗಿತ್ತು. ಸಬ್ ಇನ್‌ಸ್ಪೆಕ್ಟರ್ ಆಸ್ಪತ್ರೆಗೇ ಬಂದರು. ಒಡೆಯಲು ಹೇಳಿದವರು ಯಾರು ಎಂದು ಕೇಳಿದರು. ಭಾವ ನನ್ನನ್ನು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಕಂಪನಿಯ ಅಧಿಕಾರಿ ಮುಂದೆ ಬಂದರು. ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

"ನಾನೇ ಸಾರ್. ಮೇಡಂ ಫೋನ್ ಮಾಡಿದ್ರು. ಒಡೀರಿ ಅಂತ ನಾನೇ ಹೇಳ್ದೆ."

ಆ ಕರೆಯನ್ನು ಅವರು ಎತ್ತಿದ್ದಕ್ಕೆ ನನ್ನ ಫೋನಿನಲ್ಲಿ ಗುರುತಿದೆ. ಆದರೆ ಅವರ ದನಿ ನನ್ನ ಕಿವಿಯಲ್ಲಿಲ್ಲ. ಹಾರೆಯ ಸದ್ದಿನಲ್ಲಿ ಹೇಳಿದರೋ, ಹೇಳಿದೆನೆಂದು ಆಮೇಲೆ ತಾವೇ ತೀರ್ಮಾನಿಸಿಕೊಂಡರೋ? ಕಾರಿಡಾರಿನಲ್ಲಿ ಅವರನ್ನು ಕೇಳಬೇಕೆಂದುಕೊಂಡೆ. ಅವರು ಗೋಡೆಗೆ ಒರಗಿ ತಲೆ ತಗ್ಗಿಸಿ ನಿಂತಿದ್ದರು. ನಾನು ಕೇಳಲಿಲ್ಲ. ಮಾರನೆಯ ದಿನ ಅವರೇ ಬಂದು ಎದುರು ನಿಂತು ಹುಳು, ಸಾಮಾನು ಸಾಗಿಸಿಕೊಳ್ಳಲು ಬಿಟ್ಟರು. ಎಲ್ಲ ಖಾಲಿಯಾದ ಮೇಲೆ ಮತ್ತೆ ಬೀಗ ಹಾಕಿ ಮುದ್ರೆ ಒತ್ತಿದರು. ಜೀವ ಉಳಿಸಿದವರೂ ಅವರೇ, ಮನೆ ಬಿಡಿಸಿದವರೂ ಅವರೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಬೇಡವೋ ಎಂದು ಇವತ್ತಿಗೂ ನನಗೆ ತಿಳಿಯುವುದಿಲ್ಲ. ಮಾಲೀಕನ ಫೋನು ಸ್ವಿಚ್ ಆಫ್. ನ್ಯಾಯಮಂಡಳಿಯ ಅರ್ಜಿ ಇನ್ನೂ ನಡೆಯುತ್ತಿದೆ.

ಅಕ್ಕನನ್ನು ಮಾತ್ರ ಒಂದು ದಿನ ಕೇಳಿದೆ. "ಅವರು ಬಂದಿದ್ದು ನಿಂಗೆ ಕೇಳಿಸ್ಲಿಲ್ವೇನೇ?"

"ಕೇಳಿಸ್ತು ಕಣೇ. ಬೂಟಿನ ಸದ್ದು, ಆಂಟಿ ಜಗಳ, ಎಲ್ಲಾನೂ. ನೀನು ಬಂದಿದ್ದೂ ಗೊತ್ತಾಯ್ತು, ನಕ್ಕೆಯಲ್ಲ."

"ಮತ್ಯಾಕೆ ಸುಮ್ನಿದ್ದೆ?"

"ಉಸುರೆತ್ತಿದ್ರೆ ಮನೆ ಹೋಗ್ತದೆ ಅಂತ ಅಗುಳಿ ಹಾಕ್ಕೊಂಡು ಕೂತೆ. ಬಾಗ್ಲು ತೆಗೀದೆ ವಾಪಸ್ ಹೊಂಟ್ರಲ್ಲ, ಅಬ್ಬ, ಹುಳ ಕಾಪಾಡ್ತು ಅನ್ಕೊಂಡೆ. ಆಮೇಲೆ ಬೀಗ ಹಾಕಿದ ಸದ್ದು ಬಂತು. ನಿಮ್ಮ ಭಾವ ಬಂದು ಮತ್ತೆ ಹಾಕ್ಕೊಂಡು ಹೋದ್ರೇನೋ ಅಂತ ನೆಮ್ಮದಿಯಾಗಿ ಒರಗ್ದೆ. ತಲೆ ಭಾರ ಆಗಿತ್ತು."

ಈಗ ಅವರು ಎರಡು ಬೀದಿಯಾಚೆ ಬೇರೆ ಮನೆಯಲ್ಲಿದ್ದಾರೆ. ಸಾಲ ತಂದು ಹಿಡಿದಿದ್ದು, ಅದೂ ಭೋಗ್ಯಕ್ಕೇ, ಆಂಟಿಯ ತಮ್ಮನ ಮನೆ. ಪತ್ರ ನೋಂದಣಿ ಮಾಡಿಸಿ ಎಂದರೆ, "ಗೊತ್ತಿರೋರ ಹತ್ರ ಹೆಂಗೇ ಕೇಳೋದು" ಎನ್ನುತ್ತಾಳೆ. ನಾನು ಜಗಳವಾಡುತ್ತೇನೆ. ನೋಡೋಣ ಬಿಡೇ ಎನ್ನುತ್ತಾಳೆ.

ಹುಳು ಇಟ್ಟಾಗ ಅಲ್ಲೂ ಬೀಗ ಕಾಣುತ್ತದೆ. ಕೊಂಡಿಗೆ ಸಿಕ್ಕಿಸಿರುತ್ತಾರೆ, ಒತ್ತಿರುವುದಿಲ್ಲ. ದೂರದಿಂದ ನೋಡಿದವರಿಗೆ ಹಾಕಿದ ಹಾಗೆಯೇ ಕಾಣುತ್ತದೆ. ಹೋದಾಗಲೆಲ್ಲ ನಾನು ಅದನ್ನು ಎಳೆದು ನೋಡುತ್ತೇನೆ. ಬಿಚ್ಚಿಕೊಂಡು ಕೈಗೆ ಬರುತ್ತದೆ. ಆಮೇಲೂ ಬಾಗಿಲಲ್ಲಿ ನಿಂತು, ಅಕ್ಕ ಒಳಗಿನಿಂದ "ಕೇಳಿಸ್ತು ಕಣೇ, ಬೀದಿಗೆಲ್ಲ ಕೇಳಿಸ್ತು" ಎಂದು ರೇಗುವ ತನಕ ಕೂಗುತ್ತಲೇ ಇರುತ್ತೇನೆ.